20 ಇಂಚಿನ ಬಾಸ್: ಫ್ಲೈ ಬೀಸುವವರಿಗೆ ಹದಿಮೂರು ಸೂತ್ರಗಳು

ಸ್ಮಾಲ್‌ಮೌತ್ ಬಾಸ್ ಹಿಡಿಯುವುದು ಕಷ್ಟವಲ್ಲ. ಬೇಸಿಗೆಯ ಸಂಜೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಸಸ್ಕ್ವೆಹಾನಾ ನದಿಯ ಮೊಣಕಾಲುದ್ದ ನೀರಿಗಿಳಿದು ಪುಟ್ಟದೊಂದು ಪಾಪರ್ (ನೀರಿನ ಮೇಲೆ ತೇಲಿ ಸದ್ದು ಮಾಡುವ ಫ್ಲೈ) ಎಸೆಯಿರಿ, ಗೇಣುದ್ದದ ಮೀನುಗಳು ಒಂದರ ಹಿಂದೊಂದು ಬರುತ್ತವೆ. 20 ಇಂಚು ದಾಟಿದ ಮೀನಿನ ಮಾತೇ ಬೇರೆ. ಉತ್ತರದ ತಣ್ಣೀರಿನ ನದಿಗಳಲ್ಲಿ ಬಾಸ್ ಆ ಉದ್ದಕ್ಕೆ ಬೆಳೆಯಲು ಹತ್ತು ವರ್ಷ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ನೀರುನಾಯಿ, ಹದ್ದು, ಹಿಮಗಾಲ, ನೆರೆ, ನಮ್ಮಂಥವರ ಗಾಳ ಎಲ್ಲವನ್ನೂ ದಾಟಿ ಉಳಿದ ಜೀವ ಅದು. ತೂಕ ನಾಲ್ಕೈದು ಪೌಂಡ್, ಅಂದರೆ ಎರಡು ಕಿಲೋ ಆಸುಪಾಸು. ವಿಶ್ವದಾಖಲೆಯ ಮೀನು ತೂಗಿದ್ದು 11 ಪೌಂಡ್ 15 ಔನ್ಸ್. 1955ರ ಜುಲೈಯಲ್ಲಿ ಟೆನ್ನೆಸ್ಸೀ–ಕೆಂಟಕಿ ಗಡಿಯ ಡೇಲ್ ಹಾಲೋ ಜಲಾಶಯದಲ್ಲಿ ಸಿಕ್ಕ ಅದನ್ನು ಮೀರಿಸಿದ ಮೀನು ಇಂದಿಗೂ ದಾಖಲಾಗಿಲ್ಲ.

ಚಿಕ್ಕ ಬಾಸ್ ಕಂಡದ್ದರ ಹಿಂದೆಲ್ಲ ಓಡುತ್ತದೆ. ದೊಡ್ಡದು ಹಾಗಲ್ಲ. ಓಡಿ ಕಳೆಯುವ ಶಕ್ತಿಗಿಂತ ಸಿಗುವ ತುತ್ತು ದೊಡ್ಡದೆಂದು ಕಂಡರಷ್ಟೇ ಅದು ಜಾಗ ಬಿಟ್ಟು ಕದಲುತ್ತದೆ. ಮುಂದೆ ಹೇಳುವುದೆಲ್ಲ ಈ ಒಂದು ಲೆಕ್ಕದಿಂದ ಹೊರಟದ್ದು.

1. ದೊಡ್ಡ ಮೀನು ಇರುವ ನೀರನ್ನೇ ಆರಿಸಿ

ಎಲ್ಲ ಹೊಳೆಯಲ್ಲೂ 20 ಇಂಚಿನ ಬಾಸ್ ಇರುವುದಿಲ್ಲ. ಅದಕ್ಕೆ ಆಳದ ಮಡು ಬೇಕು, ಕಲ್ಲುತಳ ಬೇಕು, ಹೇರಳವಾಗಿ ಕ್ರೇಫಿಶ್ (ಸೀಗಡಿಯ ಸಿಹಿನೀರಿನ ಬಂಧು) ಬೇಕು. ನದಿಗಳ ಪೈಕಿ ಸಸ್ಕ್ವೆಹಾನಾ ಮತ್ತು ಅದನ್ನು ಸೇರುವ ಜುನಿಯಾಟಾ, ವರ್ಜೀನಿಯಾದ ಜೇಮ್ಸ್ ಮತ್ತು ನ್ಯೂ, ವಿಸ್ಕಾನ್ಸಿನ್–ಮಿಶಿಗನ್ ಗಡಿಯ ಮೆನೊಮಿನಿ, ಮಿನ್ನೆಸೋಟಾದ ಮೇಲ್ಭಾಗದ ಮಿಸಿಸಿಪ್ಪಿ, ಮೇಯ್ನ್‌ನ ಪೆನಾಬ್‌ಸ್ಕಾಟ್ ಹೆಸರಾಂತವು. ವಾಷಿಂಗ್ಟನ್ ಡಿ.ಸಿ. ಸುತ್ತ ಮನೆಮಾಡಿರುವ ಕನ್ನಡಿಗರಿಗೆ ಪೊಟೋಮ್ಯಾಕ್ ಹತ್ತಿರದಲ್ಲೇ ಇದೆ. ಆ ನದಿಗೆ ಈ ಮೀನು ಬಂದದ್ದು ರೈಲಿನಲ್ಲಿ: 1854ರಲ್ಲಿ ಒಹಾಯೋ ಕಣಿವೆಯ ಬಾಸ್‌ಗಳನ್ನು ಉಗಿಬಂಡಿಯ ನೀರಿನ ತೊಟ್ಟಿಯಲ್ಲಿ ಇಟ್ಟು ಬೆಟ್ಟ ದಾಟಿಸಿ ಕಂಬರ್ಲೆಂಡ್‌ನಲ್ಲಿ ಬಿಟ್ಟರು. ಬೆಟ್ಟಗಳ ಪೂರ್ವಕ್ಕೆ ಹರಿಯುವ ನದಿಗಳಿಗೆಲ್ಲ ಇದು ಹೀಗೆ ಹೊರಗಿನಿಂದ ಬಂದ ಮೀನೇ.

ತೂಕವೇ ಮುಖ್ಯ ಎನ್ನುವವರು ಮಹಾಸರೋವರಗಳಿಗೆ ಹೋಗಬೇಕು. 1990ರಲ್ಲಿ ಸೇಂಟ್ ಕ್ಲೇರ್ ನದಿಯಲ್ಲಿ ಮೊದಲು ಕಂಡ ರೌಂಡ್ ಗೋಬಿ ಎಂಬ ಪುಟ್ಟ ಪರದೇಶಿ ಮೀನು ಆ ಸರೋವರಗಳ ತಳದಲ್ಲೆಲ್ಲ ಹಬ್ಬಿತು. ಅದು ಬಾಸ್‌ನ ಮೊಟ್ಟೆಯನ್ನು ತಿನ್ನುತ್ತದೆ, ದೊಡ್ಡ ಬಾಸ್ ಅದನ್ನು ತಿನ್ನುತ್ತದೆ. ಈರೀ ಸರೋವರದ ಬಾಸ್‌ಗಳು ಇಷ್ಟು ದಪ್ಪಗಾಗಲು ಇದೂ ಒಂದು ಕಾರಣ.

2. ಜೇಬಿನಲ್ಲಿ ಥರ್ಮಾಮೀಟರ್ ಇರಲಿ

ಬಾಸ್ ತಣ್ಣನೆಯ ರಕ್ತದ ಪ್ರಾಣಿ. ನೀರಿನ ಬಿಸಿಯೇ ಅದರ ಹಸಿವು. ನೀರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಮೀನು ಮಡುವಿನ ತಳ ಬಿಟ್ಟು ಏಳುವುದು ಅಪರೂಪ. 10ರಿಂದ 15 ಡಿಗ್ರಿಯ ನಡುವಿನ ವಸಂತದ ವಾರಗಳು ದೊಡ್ಡ ಮೀನಿಗೆ ವರ್ಷದಲ್ಲೇ ಒಳ್ಳೆಯ ಕಾಲ ಎಂಬುದು ನನ್ನ ದೃಢ ಅಭಿಪ್ರಾಯ. ಮೊಟ್ಟೆ ಹೊತ್ತ ಹೆಣ್ಣುಗಳು ಚಳಿಗಾಲದ ಮಡುಗಳಿಂದ ಹೊರಬಿದ್ದು ದಡದ ಕಡೆ ಸರಿಯುತ್ತವೆ, ಚೆನ್ನಾಗಿ ತಿನ್ನುತ್ತವೆ, ಆದರೆ ಅವಸರಪಡುವುದಿಲ್ಲ. ಆಗ ಫ್ಲೈ ನಿಧಾನವಾಗಿರಬೇಕು. ನೀರು 20 ಡಿಗ್ರಿ ದಾಟಿದ ಮೇಲೆ ಅದೇ ಮೀನು ಪಾಪರ್‌ಗೆ ಏಳುತ್ತದೆ, ಸಣ್ಣ ಮೀನಿನ ಹಿಂಡನ್ನು ಅಟ್ಟಿಸಿಕೊಂಡು ಹೋಗುತ್ತದೆ.

ಗಾಳಿಯ ಬಿಸಿ ನೋಡಿ ನೀರನ್ನು ಊಹಿಸಬೇಡಿ. ಏಪ್ರಿಲ್‌ನ ಬಿಸಿಲಿಗೆ ಬೆವರುತ್ತ ನಿಂತಿರುವಾಗಲೂ ಕಾಲ ಕೆಳಗಿನ ನೀರು ಮಾರ್ಚ್ ತಿಂಗಳಲ್ಲೇ ಇರುತ್ತದೆ.

3. ಗೂಡು ಕಾಯುವ ಗಂಡನ್ನು ಬಿಟ್ಟುಬಿಡಿ

ನೀರು 15–18 ಡಿಗ್ರಿ ಮುಟ್ಟಿದಾಗ ಗಂಡು ಬಾಸ್ ಬಾಲ ಬೀಸಿ ಜಲ್ಲಿಯಲ್ಲಿ ದುಂಡನೆಯ ಗುಣಿ ಮಾಡುತ್ತದೆ. ಹೆಣ್ಣು ಮೊಟ್ಟೆ ಇಟ್ಟು ಹೊರಟುಹೋಗುತ್ತದೆ. ಅಲ್ಲಿಂದ ಮುಂದೆ ಮೊಟ್ಟೆಗೆ ಗಾಳಿಯಾಡಿಸುವುದು, ಕಳ್ಳರನ್ನು ಅಟ್ಟುವುದು, ಒಡೆದುಬಂದ ಕಪ್ಪು ಮರಿಗಳ ಮೋಡವನ್ನು ವಾರಗಟ್ಟಲೆ ಕಾಯುವುದು ಎಲ್ಲ ಗಂಡಿನದೇ ಕೆಲಸ. ಈ ದಿನಗಳಲ್ಲಿ ಅದು ತನ್ನ ಮುಂದೆ ಬಂದ ಯಾವ ವಸ್ತುವನ್ನಾದರೂ ಕಚ್ಚುತ್ತದೆ. ಹಸಿವಿನಿಂದಲ್ಲ, ಕಾವಲಿಗಾಗಿ.

ಹಾಗೆ ಕಚ್ಚಿದ ಮೀನನ್ನು ದಡಕ್ಕೆಳೆದು ಫೋಟೋ ತೆಗೆಯುವ ಒಂದೆರಡು ನಿಮಿಷ ಸಾಕು, ಸುತ್ತ ಹೊಂಚಿದ್ದ ಸಣ್ಣ ಮೀನುಗಳು ಗುಣಿ ಖಾಲಿ ಮಾಡುತ್ತವೆ. ಮೊಟ್ಟೆ ಕಳೆದುಕೊಂಡ ಗಂಡು ಹಲವು ಸಲ ಗೂಡನ್ನೇ ತೊರೆಯುತ್ತದೆ. ಕೆನಡಾದ ಒಂಟಾರಿಯೋದ ಹಲವು ಕಡೆ ಬಾಸ್ ಋತು ಜೂನ್‌ವರೆಗೆ ತೆರೆಯದಿರುವುದು ಇದಕ್ಕೇ. ಕಾನೂನು ತಡೆಯದ ಕಡೆಯಲ್ಲೂ, ತಿಳಿನೀರಿನಲ್ಲಿ ಬಿಳಿಚಾದ ದುಂಡು ಗುಣಿ ಕಂಡರೆ ದಾರಿ ಬದಲಿಸಿ. ನಾಳೆಯ 20 ಇಂಚಿನ ಮೀನು ಅಲ್ಲಿ ಸಾಸಿವೆಯಷ್ಟು ಗಾತ್ರದಲ್ಲಿದೆ.

4. ಸೆಳೆತದ ಅಂಚನ್ನು ಓದಲು ಕಲಿಯಿರಿ

ಇಡೀ ಕಲೆಯಲ್ಲಿ ಅರ್ಧ ಇದೇ. ಹ್ಯಾರಿಸ್‌ಬರ್ಗ್ ಬಳಿ ಸಸ್ಕ್ವೆಹಾನಾ ಹೆಚ್ಚುಕಡಿಮೆ ಒಂದು ಮೈಲಿ ಅಗಲ, ಆದರೆ ಬೇಸಿಗೆಯಲ್ಲಿ ಬಹುಭಾಗ ಸೊಂಟದ ಆಳವೂ ಇರುವುದಿಲ್ಲ. ಮೊದಲ ಸಲ ನೋಡಿದವರಿಗೆ ಎಲ್ಲ ಒಂದೇ ನೀರು. ಕಣ್ಣು ಪಳಗಿದರೆ ಅದೇ ನೀರು ಹೋಳುಹೋಳಾಗಿ ಕಾಣುತ್ತದೆ.

ನದಿಗೆ ಅಡ್ಡಲಾಗಿ ಹಾಯುವ ಬಂಡೆಸಾಲುಗಳನ್ನು ಹುಡುಕಿ. ಪ್ರತಿ ಸಾಲಿನ ಕೆಳಗೆ ನೀರು ಕೊರೆದ ತಗ್ಗು ಇರುತ್ತದೆ. ವೇಗದ ನೀರಿಗೂ ನಿಂತ ನೀರಿಗೂ ನಡುವೆ ನೊರೆಗೆರೆಯೊಂದು ಉದ್ದಕ್ಕೆ ಎಳೆದಿರುತ್ತದೆ. ದೊಡ್ಡ ಬಾಸ್ ಆ ಗೆರೆಯ ನಿಧಾನದ ಬದಿಯಲ್ಲಿ, ಬೀದಿಯಂಚಿನ ಜಗಲಿಯ ಮೇಲೆ ಕೂತ ಹಿರಿಯರಂತೆ ಕದಲದೆ ಕುಳಿತು, ಪಕ್ಕದಲ್ಲಿ ಹಾದುಹೋಗುವುದನ್ನೆಲ್ಲ ಗಮನಿಸುತ್ತದೆ. ಫ್ಲೈ ಬೀಳಬೇಕಾದದ್ದು ಗೆರೆಯ ಮೇಲ್ಗಡೆ, ವೇಗದ ಬದಿಯಲ್ಲಿ. ಅಲ್ಲಿಂದ ಅದು ತಾನಾಗಿ ತೇಲಿ ಗೆರೆ ದಾಟಿ ಒಳಗೆ ಬರಲಿ.

ಇಂಥ ಹತ್ತು ಜಾಗಗಳಲ್ಲಿ ಒಂಬತ್ತು ಮಧ್ಯಮ ಮೀನಿನವು. ಹತ್ತನೆಯದನ್ನು ಗುರುತಿಸುವುದು ಹೇಗೆ? ಆಸರೆ, ಆಹಾರ, ಆಳ ಮೂರೂ ಕೂಡಿದೆಯೇ ನೋಡಿ. ಬಂಡೆಯ ಮರೆ ಇದೆ, ಸೆಳೆತ ಆಹಾರ ತರುತ್ತಿದೆ, ಬಾಲ ಎರಡು ಸಲ ಬೀಸಿದರೆ ಸೇರಬಹುದಾದ ಕಡುಹಸಿರು ಆಳ ಪಕ್ಕದಲ್ಲೇ ಇದೆ ಎಂದಾದರೆ ಅಲ್ಲಿ ಸಮಯ ಕಳೆಯಿರಿ. ಮಡುವಿನ ಬಾಯಿಯನ್ನು ಎಲ್ಲರೂ ಹುಡುಕುತ್ತಾರೆ, ಬಾಲವನ್ನು ಮರೆಯುತ್ತಾರೆ. ಮಡು ಮುಗಿದು ನೀರು ತೆಳುವಾಗಿ ಮುಂದಿನ ಹರಿವಿಗೆ ಜಾರುವ ಆ ಕೊನೆಯ ಭಾಗಕ್ಕೆ ಬೆಳಕು ಹರಿಯುವ ಮುನ್ನ ಮತ್ತು ಕತ್ತಲಾಗುವ ಹೊತ್ತಿಗೆ ದೊಡ್ಡ ಮೀನು ಬೇಟೆಗೆ ಬರುತ್ತದೆ. ನಡುಬೇಸಿಗೆಯ ಮಧ್ಯಾಹ್ನವಾದರೆ ಬಿದ್ದ ಮರದ ನೆರಳನ್ನೋ ಪ್ರಾಣವಾಯು ಹೆಚ್ಚಿರುವ ಬಿಳಿನೊರೆಯ ನೀರಿನ ಅಂಚನ್ನೋ ನೋಡಿ.

5. ತಳದಲ್ಲಿ ಕ್ರೇಫಿಶ್ ಆಡಿಸಿ

ಇಷ್ಟು ಬಗೆಯ ಫ್ಲೈಗಳಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ನಾನು ಆರಿಸುವುದು ಕಂದು–ಕಿತ್ತಳೆ ಬಣ್ಣದ ಕ್ರೇಫಿಶ್ ಮಾದರಿಯನ್ನು. ಸೀಗಡಿಯ ಈ ಸಿಹಿನೀರಿನ ಬಂಧು ಸಿಗುವಲ್ಲೆಲ್ಲ ಬಾಸ್‌ನ ಮುಖ್ಯ ಊಟ ಅದೇ. ಬೆದರಿದ ಕ್ರೇಫಿಶ್ ಬಾಲ ಮಡಚಿ ಹಿಂದಕ್ಕೆ ಚಿಮ್ಮುತ್ತದೆ, ತಳಕ್ಕೆ ಬೀಳುತ್ತದೆ, ಅಲುಗದೆ ಕೂರುತ್ತದೆ. ನಿಮ್ಮ ಕೈಯೂ ಅದನ್ನೇ ಮಾಡಲಿ: ಎರಡು ಚುರುಕು ಎಳೆತ, ಆಮೇಲೆ ತಡೆ. ತಡೆ ಎಂದರೆ ನಿಜವಾದ ತಡೆ. ಮೂರು, ನಾಲ್ಕು, ಐದು ಎಂದು ಮನಸ್ಸಿನಲ್ಲೇ ಎಣಿಸಿ. ದೊಡ್ಡ ಮೀನು ಕಚ್ಚುವುದು ಹೆಚ್ಚಾಗಿ ಆಗಲೇ.

ಚಿಪ್ಪು ಕಳಚಿದ ಮೆತ್ತನೆಯ ಕ್ರೇಫಿಶ್ ಅದಕ್ಕೆ ಇನ್ನೂ ಇಷ್ಟ. ಹಾಗಾಗಿ ಕೊಂಬು ದೊಡ್ಡದಾಗಿ ಕಟ್ಟಿದ ಫ್ಲೈಗಿಂತ ಸಣ್ಣ ಕೊಂಬಿನ, ಮಾಸಲು ಬಣ್ಣದ್ದು ಒಳ್ಳೆಯದು. ಡೇವ್ ವಿಟ್ಲಾಕ್ ಕಟ್ಟಿದ ನಿಯರ್‌ನಫ್ ಕ್ರೇಫಿಶ್ ಇಂಥದ್ದು.

ಕಲ್ಲುಗಳ ಅಡಿಯಲ್ಲಿ ಎರಡು ಮೂರು ವರ್ಷ ಬಾಳುವ ಹೆಲ್‌ಗ್ರಮೈಟ್ ಎಂಬ ಕರಿಯ ಮರಿಹುಳು ಎರಡನೆಯ ತಿನಿಸು. ಶೆನಾಂಡೋವಾ ಕಣಿವೆಯ ಹ್ಯಾರಿ ಮರ್ರೆ ಅದರ ಅನುಕರಣೆಯನ್ನು ಕಟ್ಟಿ ಜನಪ್ರಿಯಗೊಳಿಸಿದರು. ಅದನ್ನು ಎಳೆಯಬೇಡಿ. ಸೆಳೆತದಲ್ಲಿ ತಳ ತಾಕುತ್ತ ಉರುಳಲು ಬಿಡಿ.

6. ಕ್ಲೌಸರ್ ಮಿನ್ನೋವನ್ನು ಬೀಳಲು ಬಿಡಿ

ಸಸ್ಕ್ವೆಹಾನಾ ದಡದ ಮಿಡ್ಲ್‌ಟೌನ್‌ನ ಬಾಬ್ ಕ್ಲೌಸರ್ 1980ರ ದಶಕದಲ್ಲಿ ಇದೇ ಮೀನಿಗೆಂದು ಕಟ್ಟಿದ ಫ್ಲೈ ಇದು. ಕೊಕ್ಕೆಯ ಕತ್ತಿಗೆ ಡಂಬೆಲ್ ಆಕಾರದ ಸೀಸದ ಕಣ್ಣು, ಮೇಲೆ ಕೆಳಗೆ ಸ್ವಲ್ಪವೇ ಜಿಂಕೆಬಾಲದ ಕೂದಲು, ನಡುವೆ ಒಂದಿಷ್ಟು ಮಿಂಚು. ಅಷ್ಟೇ. ಕಣ್ಣಿನ ಭಾರಕ್ಕೆ ಕೊಕ್ಕೆಯ ಮೊನೆ ಮೇಲ್ಮುಖವಾಗುತ್ತದೆ, ಕಲ್ಲಿಗೆ ಸಿಕ್ಕಿಕೊಳ್ಳುವುದು ಕಡಿಮೆ. ಅದಕ್ಕೆ ಹೆಸರಿಟ್ಟು 1989ರಲ್ಲಿ ಪತ್ರಿಕೆಯಲ್ಲಿ ಬರೆದು ಜಗತ್ತಿಗೆ ಪರಿಚಯಿಸಿದವರು ಲೆಫ್ಟಿ ಕ್ರೆ. ಈಗ ಕಡಲ ಮೀನಿಗೂ ಅದನ್ನು ಬಳಸುತ್ತಾರೆ.

ಎಳೆದಾಗ ಏಳುತ್ತದೆ, ಬಿಟ್ಟಾಗ ತಲೆ ಕೆಳಗಾಗಿ ಬೀಳುತ್ತದೆ. ಗುಟ್ಟಿರುವುದು ಆ ಬೀಳುವಿಕೆಯಲ್ಲಿ. ಬಿಡುವಿಲ್ಲದೆ ಎಳೆಯುವವರು ಅದರ ಅರ್ಧ ಬಲವನ್ನೇ ಬಳಸಿದಂತೆ. ಬೀಳುವಾಗ ಲೈನ್ ಸಡಿಲಾಗಿ ಸುರುಳಿಯಾಗದಂತೆ ನೋಡಿಕೊಳ್ಳಿ. ಕಚ್ಚಿದ್ದು ಕೈಗೆ ತಿಳಿಯದೇ ಹೋಗಬಹುದು, ಲೈನಿನ ತುದಿ ಪಕ್ಕಕ್ಕೆ ಸರಿದದ್ದು ಕಣ್ಣಿಗೆ ಕಾಣುತ್ತದೆ. ಕೂದಲು ಕಡಿಮೆ ಇರುವ ಕ್ಲೌಸರ್ ಕೊಳ್ಳಿ. ಅಂಗಡಿಗಳಲ್ಲಿ ಸಿಗುವ ಹಲವು ಅತಿ ದಟ್ಟವಾಗಿದ್ದು, ಮುಳುಗಲು ತಡಮಾಡುತ್ತವೆ.

7. ಗೇರ್ ಬಗ್ಗೆ ನಾಲ್ಕು ಮಾತು

9 ಅಡಿಯ, 7 ಅಥವಾ 8 ತೂಕದ ರಾಡ್. 6 ಸಾಕು ಎನ್ನುವವರಿದ್ದಾರೆ, ಆದರೆ ಗಾಳಿಗೆದುರಾಗಿ ಭಾರದ ಫ್ಲೈ ಎಸೆಯುವಾಗ, ಬಂಡೆಯಡಿಗೆ ನುಗ್ಗುವ ಮೀನನ್ನು ತಿರುಗಿಸುವಾಗ 8ರ ಬೆಲೆ ಗೊತ್ತಾಗುತ್ತದೆ. ಮುಂಭಾಗ ದಪ್ಪವಿರುವ ತೇಲುವ ಲೈನ್ ಒಂದು, ತುದಿ ಮುಳುಗುವ ಲೈನ್ ಒಂದು. ತೇಲುವುದಕ್ಕೆ 9 ಅಡಿ ಲೀಡರ್, ಮುಳುಗುವುದಕ್ಕೆ 4 ಅಡಿ ಸಾಕು. ಉದ್ದವಾದರೆ ಲೈನ್ ಮುಳುಗಿದರೂ ಫ್ಲೈ ಮೇಲೆಯೇ ಉಳಿಯುತ್ತದೆ. ಟಿಪೆಟ್ 10–12 ಪೌಂಡಿನದು. ದುಡ್ಡು ಸೀಮಿತವಾಗಿದ್ದರೆ ರೀಲಿಗಿಂತ ಲೈನಿಗೆ ಹಾಕಿ.

8. ಪಾಪರ್ ನಿಂತಷ್ಟೂ ಒಳ್ಳೆಯದು

ನೀರಿನ ಮೇಲೆ ದೊಡ್ಡ ಬಾಸ್ ಬಾಯಿ ತೆರೆಯುವುದನ್ನು ನೋಡಿದವರು ಜೀವನವಿಡೀ ಅದರ ಬೆನ್ನು ಹತ್ತುತ್ತಾರೆ. ಫ್ಲೈ ಬಿದ್ದಾಗ ಎದ್ದ ಉಂಗುರಗಳು ಪೂರ್ತಿ ಮಾಯವಾಗುವವರೆಗೆ ಮುಟ್ಟಬೇಡಿ. ಆಮೇಲೆ ಒಂದೇ ಒಂದು ನಡುಕ. ಮತ್ತೆ ಕಾಯಿರಿ. ಗುಳುಂ ಗುಳುಂ ಎಂದು ಸದ್ದು ಮಾಡಿಸುತ್ತ ಎಳೆದರೆ ಚಿಕ್ಕವು ಬರುತ್ತವೆ, ದೊಡ್ಡದು ತಳಕ್ಕಿಳಿಯುತ್ತದೆ.

ಆಗಸ್ಟ್‌ನ ತೆಳು ತಿಳಿನೀರಿಗೆ ಪಾಪರ್‌ನ ಸದ್ದೇ ಹೆಚ್ಚಾಯಿತು. ಮೊನಚು ಮೂತಿಯ ಸ್ಲೈಡರ್ ಹಾಕಿ. ಸ್ನೀಕಿ ಪೀಟ್ ಹಳೆಯದು, ಇಂದಿಗೂ ಸಾಟಿಯಿಲ್ಲದ್ದು. ದೊಡ್ಡ ಮೀನು ಅದನ್ನು ಸದ್ದಿಲ್ಲದೆ ಹೀರುತ್ತದೆ. ಒಂದು ಸಣ್ಣ ಗುಳಿ ಬಿದ್ದು ಫ್ಲೈ ಕಾಣೆಯಾದರೆ, ಅದು ಸಣ್ಣ ಮೀನೆಂದು ಉದಾಸೀನ ಮಾಡಬೇಡಿ.

9. ರಾಡ್ ಎತ್ತಬೇಡಿ, ಲೈನ್ ಎಳೆಯಿರಿ

ಟ್ರೌಟ್ ಹಿಡಿದು ಬಂದವರು ಕಚ್ಚಿದ ಕೂಡಲೇ ರಾಡ್ ಮೇಲೆತ್ತುತ್ತಾರೆ. ಬಾಸ್‌ನ ಗಟ್ಟಿ ಬಾಯಿಗೆ ದಪ್ಪ ಕೊಕ್ಕೆ ಹೊಗಿಸಲು ಬಾಗುವ ರಾಡ್‌ಗೆ ಶಕ್ತಿ ಸಾಲದು. ರಾಡ್‌ನ ತುದಿ ಸದಾ ನೀರಿನ ಹತ್ತಿರ, ಫ್ಲೈ ಕಡೆಗೇ ನೆಟ್ಟಿರಲಿ. ಕಚ್ಚಿದ್ದು ಗೊತ್ತಾದಾಗ ಲೈನ್ ಹಿಡಿದ ಕೈಯನ್ನು ಉದ್ದಕ್ಕೆ, ಬಿಗಿಯಾಗಿ ಹಿಂದಕ್ಕೆಳೆಯಿರಿ. ತೂಕ ತಿಳಿದ ಮೇಲೆ ರಾಡ್ ಎತ್ತಿ. ಇದರಲ್ಲಿ ಇನ್ನೊಂದು ಲಾಭ: ಮೀನು ತಪ್ಪಿದರೂ ಫ್ಲೈ ಗಾಳಿಗೆ ಹಾರದೆ ಅಲ್ಲೇ ಒಂದೆರಡು ಅಡಿ ಸರಿದಿರುತ್ತದೆ, ಮೀನು ಮತ್ತೆ ತಿರುಗಿ ಬರಬಹುದು.

10. ಶರತ್ಕಾಲದಲ್ಲಿ ಗಾತ್ರ ಹೆಚ್ಚಿಸಿ

ಸೆಪ್ಟೆಂಬರ್ ಕೊನೆಯಿಂದ ನೀರು ತಣ್ಣಗಾಗುತ್ತ ಹೋದಂತೆ ಬಾಸ್ ಚಳಿಗಾಲಕ್ಕೆ ಕೊಬ್ಬು ಕೂಡಿಸುತ್ತದೆ. ಮೊದಲು ಹೇಳಿದ ಲೆಕ್ಕ ಈಗ ನಿಮ್ಮ ಪರವಾಗಿದೆ, ಏಕೆಂದರೆ ದೊಡ್ಡ ತುತ್ತಿಗಾಗಿ ಅದು ದೂರ ಬರಲು ಸಿದ್ಧ. ಐದಾರು ಇಂಚಿನ ಫ್ಲೈ ಕಟ್ಟಿ. ವರ್ಜೀನಿಯಾದ ಬ್ಲೇನ್ ಚಾಕ್ಲೆಟ್ ರೂಪಿಸಿದ ಗೇಮ್ ಚೇಂಜರ್ ಬೆನ್ನೆಲುಬಿನಂತೆ ತುಂಡುತುಂಡಾಗಿ ಬಾಗುವುದರಿಂದ ನಿಧಾನವಾಗಿ ಎಳೆದರೂ ನಿಜವಾದ ಮೀನಿನಂತೆ ಈಜುತ್ತದೆ. ಇದಕ್ಕೆ ದಿನವಿಡೀ ಎರಡೇ ಮೀನು ಬರಬಹುದು, ಒಂದೂ ಬಾರದಿರಬಹುದು. ಎಣಿಕೆ ಬೇಕೆಂದರೆ ಚಿಕ್ಕ ಫ್ಲೈ, ದೊಡ್ಡ ಮೀನೇ ಬೇಕೆಂದರೆ ಈ ತಾಳ್ಮೆ. ಬೆಳಿಗ್ಗೆ ಹೊರಡುವಾಗಲೇ ಎರಡರಲ್ಲಿ ಒಂದನ್ನು ನಿಶ್ಚಯಿಸಿಕೊಳ್ಳಿ.

11. ನೀರಿನ ಮಟ್ಟ ನೋಡಿಯೇ ಮನೆ ಬಿಡಿ

ಅಮೆರಿಕದ ಭೂವೈಜ್ಞಾನಿಕ ಇಲಾಖೆ ನದಿಗಳಲ್ಲಿ ಇಟ್ಟಿರುವ ಮಾಪಕಗಳ ಅಂಕಿಗಳು ಫೋನಿನಲ್ಲೇ ಸಿಗುತ್ತವೆ. ಮಳೆ ಬಂದು ನದಿ ಏರಿ, ಮಣ್ಣು ಕಲಸಿ, ಮತ್ತೆ ಇಳಿಯತೊಡಗಿದಾಗ ಎರಡು ಮೂರು ಅಡಿ ಆಳದವರೆಗೆ ಕಾಣುವ ಹಸಿರು ಛಾಯೆಯ ದಿನಗಳು ಬರುತ್ತವೆ. ಅವನ್ನು ಕಳೆದುಕೊಳ್ಳಬೇಡಿ. ನಡುನದಿಯ ಸೆಳೆತ ತಾಳದ ದೊಡ್ಡ ಮೀನು ದಡದ ಹುಲ್ಲಿನಂಚಿಗೆ ಬಂದಿರುತ್ತದೆ, ಮಂಕು ನೀರಿನಲ್ಲಿ ಧೈರ್ಯವೂ ಹೆಚ್ಚಿರುತ್ತದೆ. ಫ್ಲೈಯನ್ನು ದಡದಿಂದ ಒಂದಡಿಯೊಳಗೆ ಇಳಿಸಿ. ಬಣ್ಣ ಕಪ್ಪು ಅಥವಾ ಚಾರ್ಟ್ರೂಸ್ (ಹಳದಿ ಮಿಶ್ರಿತ ಹಸಿರು).

ಇದಕ್ಕೆ ಪೂರ್ತಿ ವಿರುದ್ಧವಾದದ್ದು ಕಡುಬೇಸಿಗೆಯ ಗಾಜಿನಂಥ ನೀರು. ಆಗ ನಡಿಗೆಯೇ ಕೌಶಲ. ಕಾಲೆಳೆದರೆ ಎದ್ದ ಅಲೆ ಮುಂದೆ ಸಾಗಿ ಮೀನಿಗೆ ಸುದ್ದಿ ಮುಟ್ಟಿಸುತ್ತದೆ. ಕೆಳಗಿನಿಂದ ಮೇಲಕ್ಕೆ ನಡೆಯಿರಿ, ಉದ್ದನೆಯ ಎಸೆತ, ತೆಳು ಟಿಪೆಟ್.

12. ಹುಳುಗಳ ಸಂಜೆ

ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ಮುಸ್ಸಂಜೆಯಲ್ಲಿ ಸಸ್ಕ್ವೆಹಾನಾದ ಮೇಲೆ ಬಿಳಿಯ ಮೇಫ್ಲೈಗಳು ಹಿಮ ಸುರಿದಂತೆ ಏಳುತ್ತವೆ. ಈ ನದಿಯ ಮೇಫ್ಲೈ ಸಂಖ್ಯೆ ಎಷ್ಟೆಂದರೆ, 2015ರ ಜೂನ್‌ನಲ್ಲಿ ಕೊಲಂಬಿಯಾ–ರೈಟ್ಸ್‌ವಿಲ್ ಸೇತುವೆಯ ಮೇಲೆ ಅವು ರಾಶಿಬಿದ್ದು ಬೈಕುಗಳು ಜಾರಿ, ಸೇತುವೆಯನ್ನೇ ಸ್ವಲ್ಪ ಹೊತ್ತು ಮುಚ್ಚಬೇಕಾಯಿತು. ಗದ್ದಲ ಮಾಡಿ ನೆಗೆಯುವ ಮೀನುಗಳನ್ನು ಬಿಟ್ಟು, ದಡದ ಬದಿ ಒಂದೇ ಲಯದಲ್ಲಿ ಹೀರುತ್ತಿರುವುದರ ಮುಂದೆ ಫ್ಲೈ ಇಡಿ. 17 ವರ್ಷಕ್ಕೊಮ್ಮೆ ಬರುವ ಸಿಕಾಡಾಗಳ ಹತ್ತನೆಯ ತಂಡ 2021ರಲ್ಲಿ ಪೊಟೋಮ್ಯಾಕ್ ಕಣಿವೆಯಲ್ಲಿ ಎದ್ದಾಗ ಬಾಸ್‌ಗಳಿಗೆ ಹಬ್ಬವಾಗಿತ್ತು. ಮುಂದಿನದು 2038ರಲ್ಲಿ.

13. ಹಿಡಿದದ್ದನ್ನು ಜೀವಂತ ಕಳಿಸಿ, ನೀವೂ ಸುರಕ್ಷಿತವಾಗಿ ಬನ್ನಿ

2005ರಿಂದ ಮಧ್ಯ ಸಸ್ಕ್ವೆಹಾನಾದಲ್ಲಿ ಬಾಸ್ ಮರಿಗಳು ಹುಣ್ಣೆದ್ದು ರಾಶಿರಾಶಿಯಾಗಿ ಸಾಯತೊಡಗಿದವು. ಬಿಸಿಯಾದ ನೀರು, ವೈರಸ್, ಪರಜೀವಿಗಳು, ಹೊಲ ಮತ್ತು ಚರಂಡಿಗಳಿಂದ ಬಂದ ರಾಸಾಯನಿಕಗಳು ಎಲ್ಲವನ್ನೂ ತನಿಖೆ ಮಾಡಿದರು, ಯಾವುದೊಂದರ ಮೇಲೂ ಪೂರ್ತಿ ಹೊಣೆ ಹೊರಿಸಲಾಗಲಿಲ್ಲ. ಮರಿಗಳಿಲ್ಲದ ವರ್ಷಗಳು ಕಳೆದಂತೆ ನದಿಯಲ್ಲಿ ನಡುವಯಸ್ಸಿನ ಮೀನೂ ಕಡಿಮೆಯಾಯಿತು. ರಾಜ್ಯದ ಮೀನು ಮತ್ತು ದೋಣಿ ಆಯೋಗ ಆ ಭಾಗದಲ್ಲಿ ಹಿಡಿದ ಬಾಸ್ ಅನ್ನು ತಕ್ಷಣ ಬಿಡಬೇಕೆಂಬ ನಿಯಮ ತಂದಿತು. ಇಂದು ಅಲ್ಲಿ ಮತ್ತೆ ಮೀನು ತುಂಬಿಕೊಂಡಿದೆ. ಹತ್ತು ವರ್ಷ ಬಾಳಿದ ಮೀನನ್ನು ಒಂದು ಊಟಕ್ಕೆ ಮುಗಿಸುವುದು, ನಿಯಮ ಇರಲಿ ಬಿಡಲಿ, ನನಗೆ ಸಮ್ಮತವಲ್ಲ.

ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡಿ. ರಬ್ಬರ್ ಬಲೆ ಬಳಸಿ. ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಒಣ ಕೈ ಅದರ ಮೈಯ ಲೋಳೆಯನ್ನು ಕಿತ್ತುಬಿಡುತ್ತದೆ. ದವಡೆಯೊಂದನ್ನೇ ಹಿಡಿದು ನೇತಾಡಿಸಬೇಡಿ, ಇನ್ನೊಂದು ಕೈ ಹೊಟ್ಟೆಯಡಿ ಇರಲಿ. ಫೋಟೋಗೆ ಎಲ್ಲ ಸಿದ್ಧವಾಗುವವರೆಗೆ ಮೀನು ನೀರಿನಲ್ಲೇ ಇರಬೇಕು, ಮೇಲೆತ್ತಿದ ಮೇಲೆ ನಿಮ್ಮ ಉಸಿರನ್ನೂ ಬಿಗಿಹಿಡಿಯಿರಿ: ನಿಮಗೆ ಉಸಿರು ಬೇಕೆನಿಸಿದಾಗ ಅದಕ್ಕೂ ಬೇಕು. ನೀರು 27 ಡಿಗ್ರಿ ದಾಟಿದ ಮಧ್ಯಾಹ್ನಗಳಲ್ಲಿ ರಾಡ್ ಕಟ್ಟಿಡಿ, ಆ ಬಿಸಿಯಲ್ಲಿ ಸೆಣಸಿದ ಮೀನು ಈಜಿಹೋದರೂ ಬದುಕುವ ಭರವಸೆ ಕಡಿಮೆ.

ಬಾಸ್‌ಗಳು ಚಳಿಗಾಲದ ಮಡು ಸೇರಲು ಹತ್ತಾರು ಮೈಲಿ ಸಾಗುವುದುಂಟು. ಆ ಮಡುಗಳಲ್ಲಿ ಅವು ಒತ್ತೊತ್ತಾಗಿ ಇರುತ್ತವೆ, ಒಂದು ಗುಟ್ಟು ಬಯಲಾದರೆ ಇಡೀ ಹರಿವಿನ ದೊಡ್ಡ ಮೀನುಗಳು ಒಬ್ಬರ ಕೈಗೆ ಸಿಗುತ್ತವೆ. ಜಾಗ ಗೊತ್ತಿದ್ದರೆ ಹೇಳಿಕೊಂಡು ತಿರುಗಬೇಡಿ. ನವೆಂಬರ್‌ನಲ್ಲಿ ನದಿಗಿಳಿಯುವವರು ಊರುಗೋಲು ತೆಗೆದುಕೊಳ್ಳಿ, ಪಾಚಿ ಹತ್ತಿದ ಬಂಡೆಸಾಲುಗಳಲ್ಲಿ ಮೂರನೆಯ ಕಾಲು ಬೇಕೇ ಬೇಕು. ಪೆನ್ಸಿಲ್ವೇನಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 30ರವರೆಗೆ ಕಯಾಕ್, ಕನೂ ಮತ್ತು 16 ಅಡಿಗಿಂತ ಚಿಕ್ಕ ದೋಣಿಗಳಲ್ಲಿ ಲೈಫ್ ಜಾಕೆಟ್ ತೊಟ್ಟಿರುವುದು ಕಾನೂನು. ಉಳಿದ ತಿಂಗಳುಗಳಲ್ಲೂ ತೊಡಿ. ಲೈಸೆನ್ಸ್ ಕೊಳ್ಳುವಾಗ ಆ ವರ್ಷದ ನಿಯಮಪುಸ್ತಕ ತೆರೆದು, ನೀವು ಹೋಗುವ ಹರಿವಿನ ಪುಟವನ್ನು ಓದಿಕೊಳ್ಳಿ. ಒಂದೇ ನದಿಯಲ್ಲಿ ಸೇತುವೆ ದಾಟಿದರೆ ನಿಯಮ ಬದಲಾಗಿರುತ್ತದೆ.